ಕಿಡ್ನಿ ಕಸಿ ಆದವರೇ, ಕೆಮ್ಮಿನ ಮಾತ್ರೆಗೂ ಮೊದಲು ಒಂದು ಫೋನ್ ಮಾಡಿ

ನನಗೆ ಕಿಡ್ನಿ ಕಸಿ ಆಗಿ ಐದು ತಿಂಗಳಾಗಿತ್ತು. ಕಿಡ್ನಿ ಕೊಟ್ಟಿದ್ದು ಅಮ್ಮ. ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ತೋರಿಸುವ ರಕ್ತದ ಅಂಕಿ, ಕ್ರಿಯಾಟಿನಿನ್ (ಏರಿದಷ್ಟೂ ಕೆಟ್ಟದ್ದು), 1.2ಕ್ಕೆ ಬಂದು ನಿಂತಿತ್ತು. ಡಯಾಲಿಸಿಸ್ ಇಲ್ಲ, ನೀರು ಅಳೆದು ಕುಡಿಯೋ ಕಷ್ಟ ಇಲ್ಲ. ಆಸ್ಪತ್ರೆಯಲ್ಲಿ ಮಲಗುವ ಕಾಲ ಮುಗೀತು ಅಂದುಕೊಂಡಿದ್ದೆ. ನಾಲ್ಕು ದಿನ ನುಂಗಿದ ಒಂದು ಆಂಟಿಬಯೋಟಿಕ್ ನನ್ನನ್ನು ಮತ್ತೆ ಅದೇ ವಾರ್ಡಿಗೆ ತಂದು ಹಾಕಿತು.

ಕೆಮ್ಮು, ಸಣ್ಣ ಜ್ವರ. ಅಷ್ಟು ದೂರದ ಕಸಿ ಆಸ್ಪತ್ರೆಗೆ ಇದಕ್ಕೆಲ್ಲ ಯಾಕೆ ಹೋಗಬೇಕು ಅಂತ ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಕಿಡ್ನಿ ಆಪರೇಷನ್ ಆಗಿದೆ ಅಂತ ಹೇಳಿದೆ. ಆದರೆ ಯಾವ ಮಾತ್ರೆ ತಗೊಳ್ತಿದ್ದೀನಿ ಅಂತ ಹೇಳಲಿಲ್ಲ, ಅವರೂ ಕೇಳಲಿಲ್ಲ. ಕ್ಲಾರಿಥ್ರೋಮೈಸಿನ್ 500 ಅನ್ನೋ ಆಂಟಿಬಯೋಟಿಕ್, ದಿನಕ್ಕೆ ಎರಡು ಸಲ ಅಂತ ಬರೆದುಕೊಟ್ಟರು.

ಮೂರನೇ ದಿನ ಕೈ ನಡುಗೋಕೆ ಶುರುವಾಯಿತು. ನೀರಿನ ಲೋಟ ತುಟಿಗೆ ಬರೋ ಹೊತ್ತಿಗೆ ಅರ್ಧ ಚೆಲ್ಲುತ್ತಿತ್ತು. ತಲೆನೋವು, ಬಿಪಿ ಏರಿತ್ತು. ಜ್ವರದ ಸುಸ್ತು ಅಂತ ಇನ್ನೊಂದು ದಿನ ಕಳೆದೆ. ಆ ಒಂದು ದಿನಕ್ಕೆ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ. ಕೊನೆಗೆ ಆಸ್ಪತ್ರೆಗೆ ಹೋದಾಗ ಕ್ರಿಯಾಟಿನಿನ್ 2.6. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ನಾನು ದಿನಾ ನುಂಗುವ ಮಾತ್ರೆ ಟ್ಯಾಕ್ರೋಲಿಮಸ್. ರಕ್ತದಲ್ಲಿ ಅದರ ಲೆವೆಲ್ ನನಗೆ 8ರ ಆಸುಪಾಸು ಇರಬೇಕಿತ್ತು, ಬಂದದ್ದು 30ಕ್ಕಿಂತ ಜಾಸ್ತಿ.

ದೇಹ ಕಿಡ್ನಿಯನ್ನು ತಿರಸ್ಕರಿಸುತ್ತಿದೆ ಅಂತ ನಾವೆಲ್ಲ ಹೆದರಿದ್ದೆವು. ಅಮ್ಮ ಮಾತೇ ಆಡಲಿಲ್ಲ, ಸುಮ್ನೆ ಮೂಲೆಯಲ್ಲಿ ಕೂತಿದ್ದರು. ಕಾರಣ ಬೇರೆಯೇ ಇತ್ತು. ಟ್ಯಾಕ್ರೋಲಿಮಸನ್ನು ಒಡೆದು ಹೊರಗೆ ಕಳಿಸೋದು ಲಿವರ್ ಮತ್ತು ಕರುಳಿನಲ್ಲಿರುವ ಒಂದು ಕಿಣ್ವ. ಕ್ಲಾರಿಥ್ರೋಮೈಸಿನ್ ಅದನ್ನು ತಡೆಯುತ್ತದೆ. ಆಗ ದಿನಾ ನುಂಗೋ ಅದೇ ಡೋಸ್ ರಕ್ತದಲ್ಲಿ ಏರುತ್ತಾ ಹೋಗುತ್ತದೆ. ಅತಿಯಾದರೆ ಕಿಡ್ನಿಯ ರಕ್ತನಾಳಗಳೇ ಬಿಗಿಯಾಗುತ್ತವೆ. ಹೊಸ ಕಿಡ್ನಿಯನ್ನು ಕಾಯುವ ಮಾತ್ರೆಯೇ ಅದಕ್ಕೆ ಪೆಟ್ಟು ಕೊಡುತ್ತಿತ್ತು.

ಒಂಬತ್ತು ದಿನ ಅಡ್ಮಿಟ್. ಆ ಆಂಟಿಬಯೋಟಿಕ್ ನಿಲ್ಲಿಸಿದರು, ಟ್ಯಾಕ್ರೋಲಿಮಸನ್ನು ಡಾಕ್ಟರ್ ನೋಡಿ ನೋಡಿ ತಡೆದು, ಆಮೇಲೆ ಮತ್ತೆ ಶುರು ಮಾಡಿದರು. ಹೆದರಿ ಈ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ದಯವಿಟ್ಟು. ಲೆವೆಲ್ ಕೆಳಗಿಳಿದರೆ ನಿಜವಾಗಿಯೂ ತಿರಸ್ಕಾರ ಶುರುವಾಗಬಹುದು. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಫೆನಿಟಾಯಿನ್ ಹೀಗೆ ಲೆವೆಲ್ ಇಳಿಸುತ್ತವೆ. ಫಂಗಸ್‌ಗೆ ಕೊಡುವ ಫ್ಲೂಕೊನಜೋಲ್, ಬಿಪಿಗೆ ಕೊಡುವ ಡಿಲ್ಟಿಯಾಜೆಮ್ ಏರಿಸುತ್ತವೆ. ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಸಿಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ನೇರವಾಗಿ ಕಿಡ್ನಿಗೇ ಪೆಟ್ಟು.

ಪಕ್ಕದ ಬೆಡ್ಡಿನವರು ಬಂದದ್ದು ಬರೀ ಭೇದಿಯಿಂದ. ಎರಡು ದಿನ ಮನೆಯಲ್ಲೇ ತಡೆದುಕೊಂಡಿದ್ದರಂತೆ. ಭೇದಿಯಾದರೆ ಮೈಯಲ್ಲಿ ನೀರು ಕಮ್ಮಿಯಾಗೋದಷ್ಟೇ ಅಲ್ಲ, ಟ್ಯಾಕ್ರೋಲಿಮಸ್ ಲೆವೆಲ್ಲೂ ಏರುತ್ತದೆ ಅನ್ನೋದು ನನಗೆ ಅಲ್ಲೇ ಗೊತ್ತಾಗಿದ್ದು. ಕಸಿ ಆದವರು ಹೀಗೆ ವಾಪಸ್ ಅಡ್ಮಿಟ್ ಆಗೋದು ಅಪರೂಪ ಏನಲ್ಲ. ಅಮೆರಿಕದ ಒಂದು ಲೆಕ್ಕದಲ್ಲಿ, ಡಿಸ್ಚಾರ್ಜ್ ಆದ 30 ದಿನದೊಳಗೆ ಹತ್ತರಲ್ಲಿ ಸುಮಾರು ಮೂವರು ಮತ್ತೆ ಆಸ್ಪತ್ರೆಗೆ ಬಂದಿದ್ದರು. ಎಲ್ಲವನ್ನೂ ತಡೆಯೋಕೆ ಆಗಲ್ಲ, ಸೋಂಕು ಯಾರನ್ನೂ ಕೇಳಿ ಬರಲ್ಲ. ಆದರೆ ನನ್ನದು ತಡೆಯಬಹುದಾಗಿತ್ತು ಅಲ್ವಾ?

ಇನ್ನೊಂದು ಮಾತು. ಲೆವೆಲ್ ಟೆಸ್ಟಿಗೆ ಹೋಗುವ ದಿನ ಬೆಳಗಿನ ಟ್ಯಾಕ್ರೋಲಿಮಸ್ ನುಂಗಿ ಹೋಗಬೇಡಿ. ರಕ್ತ ಕೊಟ್ಟ ಮೇಲೆ ನುಂಗಿ. ಇಲ್ಲದಿದ್ದರೆ ಬರುವ ಅಂಕಿ ನಂಬೋ ಹಾಗಿರಲ್ಲ.

ನನ್ನ ಕ್ರಿಯಾಟಿನಿನ್ 1.4ಕ್ಕೆ ಬಂದು ನಿಂತಿದೆ. 1.2ಕ್ಕೆ ಮತ್ತೆ ಇಳಿಯಲಿಲ್ಲ. ಹೋದ ವಾರ ಹಲ್ಲುನೋವು ಬಂತು. ಹಲ್ಲಿನ ಡಾಕ್ಟರ್ ಚೀಟಿ ಬರೆಯುವ ಮೊದಲೇ ನನ್ನ ಮಾತ್ರೆಗಳ ಪಟ್ಟಿ ಮುಂದಿಟ್ಟೆ, ಅಲ್ಲೇ ನಿಂತು ಕಸಿ ಆಸ್ಪತ್ರೆಗೆ ಫೋನ್ ಮಾಡಿದೆ. ಪ್ಯಾರಾಸಿಟಮಾಲ್ ಸಾಕು ಅಂದರು. ಎರಡು ನಿಮಿಷವೂ ಆಗಲಿಲ್ಲ.