ಪಲ್ಸ್ ಆಕ್ಸಿಮೀಟರ್: ನಾಲ್ಕು ವರ್ಷ ಬಳಸಿದ ಮೇಲೆ ಬರೆದ ರಿವ್ಯೂ

2021ರ ಏಪ್ರಿಲ್ ಕೊನೆಯಲ್ಲಿ, ಕೊರೊನಾ ಎರಡನೇ ಅಲೆಯ ಹೊತ್ತಿಗೆ, ಮೈಸೂರಿನಲ್ಲಿ ತಗೊಂಡಿದ್ದು. ಬ್ರ್ಯಾಂಡ್ ಯಾವುದು ಅಂತ ಕೇಳಬೇಡಿ, ಸ್ಯಾನಿಟೈಸರ್ ಹಾಕಿ ಒರೆಸಿ ಒರೆಸಿ ಹೆಸರೇ ಅಳಿಸಿಹೋಗಿದೆ. ಕೊಟ್ಟಿದ್ದು 2,200 ರೂಪಾಯಿ. ಅಂಗಡಿಯವನು ಬಿಲ್ ಕೊಡಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ, ಹಿಂದೆ ಇನ್ನೂ ಎಂಟು ಜನ ನಿಂತಿದ್ದರು. ಆ ವರ್ಷ ಜುಲೈನಲ್ಲಿ ಸರ್ಕಾರ ಇದರ ಮಾರಾಟದ ಲಾಭಕ್ಕೆ 70% ಮಿತಿ ಹಾಕಿತು. ಅಷ್ಟರಲ್ಲಿ ನಮ್ಮ ಬೀದಿಗೆ ಬೇಕಾದ ದಿನಗಳೆಲ್ಲ ಮುಗಿದಿದ್ದವು.

ಕೆಲಸ ಸರಳ. ಬೆರಳಿನ ಒಂದು ಕಡೆಯಿಂದ ಕೆಂಪು ಬೆಳಕು, ಜೊತೆಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹೋಗುತ್ತೆ. ರಕ್ತ ಯಾವುದನ್ನು ಎಷ್ಟು ಹೀರಿತು ಅನ್ನುವುದರ ಮೇಲೆ ಆಕ್ಸಿಜನ್ ಎಷ್ಟಿದೆ ಅಂತ ಲೆಕ್ಕ ಹಾಕುತ್ತೆ. 94 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮನೆಯಲ್ಲೇ ಇರಿ, 93ರಿಂದ 90ರೊಳಗೆ ಬಂದರೆ ಆಸ್ಪತ್ರೆಗೆ ಹೊರಡಿ, ಇನ್ನೂ ಕೆಳಗೆ ಇಳಿದರೆ ತೀರಾ ಅಪಾಯ ಅಂತ ಆಗ ಎಲ್ಲರ ಬಾಯಲ್ಲೂ ಇತ್ತು. ಪೆನ್ಸಿಲ್‌ಗೆ ಹಾಕಿದರೂ 98 ತೋರಿಸುವ ಡೂಪ್ಲಿಕೇಟ್ ಮಾಲಿನ ವೀಡಿಯೋ ಓಡಾಡುತ್ತಿತ್ತಲ್ಲ, ನಾನೂ ಹಾಕಿ ನೋಡಿದೆ. ನಮ್ಮದು ಬರೀ ಗೆರೆ ತೋರಿಸಿತು. ಪಾಸ್.

ಇನ್ನು ಇದರ ದೊಡ್ಡ ದೋಷ. ಸ್ಕ್ರೀನ್ ತಾನಾಗಿ ತಿರುಗುವುದಿಲ್ಲ. ಅಂದರೆ 98 ಅನ್ನು ತಲೆಕೆಳಗೆ ಓದಿದರೆ 86. ಇದನ್ನು ಕಂಡುಹಿಡಿದವರು ನಮ್ಮ ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು, ರಾತ್ರಿ ಹನ್ನೊಂದು ಗಂಟೆಗೆ.

ಮೇಷ್ಟ್ರಿಗೂ ನನಗೂ ಆಗ ಮಾತಿರಲಿಲ್ಲ. 2020ರ ಏಪ್ರಿಲ್ 5ರಂದು, ಪ್ರಧಾನಿ ಹೇಳಿದ ಹಾಗೆ ರಾತ್ರಿ ಒಂಬತ್ತಕ್ಕೆ ಲೈಟ್ ಆರಿಸಿ ದೀಪ ಹಚ್ಚಲಿಲ್ಲ ಅಂತ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮ ಮನೆಗೆ ಒಂದು ಪಟ್ಟ ಸಿಕ್ಕಿತ್ತು, ಅದನ್ನು ಬಿಡಿ. ದೆಹಲಿಯ ನಿಜಾಮುದ್ದೀನ್‌ನಲ್ಲಿ ಮುಸ್ಲಿಮರ ಧಾರ್ಮಿಕ ಸಭೆಗೆ ಹೋದವರಿಗೆ ಕೊರೊನಾ ಬಂದ ಸುದ್ದಿ ಹರಡಿದ ಮೇಲೆ ‘ಸಾಬರ ಹತ್ತಿರ ತರಕಾರಿ ತಗೋಬೇಡಿ’ ಅನ್ನುವ ಮೆಸೇಜ್ ಎಲ್ಲ ಕಡೆ ಹರಿಯಿತು. ನಮ್ಮ ಗ್ರೂಪಿಗೆ ಹಾಕಿದವರು ಮೇಷ್ಟ್ರು. ಹದಿನೈದು ವರ್ಷದಿಂದ ಅವರ ಮನೆಗೂ ನಮ್ಮ ಮನೆಗೂ ಸೊಪ್ಪು ಕೊಡುತ್ತಿದ್ದ ಸಾಬರು ಒಂದೂವರೆ ತಿಂಗಳು ಈ ಬೀದಿಗೆ ಗಾಡಿ ತಳ್ಳಲಿಲ್ಲ. ನಾನು ಗ್ರೂಪಿನಲ್ಲೇ ಜಗಳ ತೆಗೆದೆ, ಸ್ವಲ್ಪ ಜಾಸ್ತಿಯೇ ಆಡಿದೆ. ಆಮೇಲೆ ಬೆಳಿಗ್ಗೆ ಗೇಟಿನಲ್ಲಿ ಎದುರಾದರೆ ಇಬ್ಬರೂ ರಂಗೋಲಿ ನೋಡುತ್ತಿದ್ದೆವು.

ಒಂದು ವರ್ಷ ಕಳೆದು, ಮೇ ಮೊದಲ ವಾರ. ಇಲ್ಲಿಂದ ಅರವತ್ತು ಕಿಲೋಮೀಟರ್ ದೂರದ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ ಜನ ಸತ್ತ ಸುದ್ದಿ ಬಂದಿತ್ತು, ಗ್ರೂಪಿನಲ್ಲಿ ಅದು ಯಾರ ತಪ್ಪು ಅಂತ ಪಕ್ಷ ಕಟ್ಟಿಕೊಂಡು ಕಿತ್ತಾಟ ನಡೆದಿತ್ತು. ಆ ಮಧ್ಯೆ ಮೇಷ್ಟ್ರ ಸೊಸೆ ನನಗೊಬ್ಬಳಿಗೇ ಮೆಸೇಜ್ ಹಾಕಿದಳು. ಅತ್ತೆ, ಮಾವ ಇಬ್ಬರಿಗೂ ಪಾಸಿಟಿವ್, ನಿಮ್ಮ ಮಿಷನ್ ಎರಡು ದಿನ ಕೊಡ್ತೀರಾ ಆಂಟಿ ಅಂತ. ‘ನಿಮ್ಮ ಮಾವ ಫಾರ್ವರ್ಡ್ ಮಾಡೋ ಮೆಸೇಜ್‌ನಲ್ಲಿ ಆಕ್ಸಿಜನ್ ಬರಲ್ವಾ’ ಅಂತ ಟೈಪ್ ಮಾಡಿದೆ. ಸುಳ್ಳು ಯಾಕೆ ಹೇಳಲಿ. ಅಳಿಸಿದೆ, ಆಮೇಲೆ ಗೇಟಿಗೆ ನೇತುಹಾಕಿ ಬಂದೆ.

ಆ ರಾತ್ರಿ ಫೋನ್. ‘ಏನಮ್ಮಾ, ನನಗೆ 86 ತೋರಿಸ್ತಿದೆ.’ ದನಿ ನಡುಗುತ್ತಿತ್ತು. ಮಾತಾಡುವಾಗ ಏದುಸಿರಿಲ್ಲ, ಆದರೂ ನನಗೆ ಕೈಕಾಲು ಆಡಲಿಲ್ಲ. ಬೆರಳಿನ ತುದಿ ಯಾವ ಕಡೆಗಿದೆ, ಕೈ ತಿರುಗಿಸಿ ನೋಡಿ ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ‘98 ಕಣಮ್ಮಾ’ ಅಂದರು. ನಗಲು ಹೋಗಿ ಕೆಮ್ಮು ಹತ್ತಿತು. ಫೋನ್ ಇಟ್ಟ ಮೇಲೆ ಹೊಳೆದಿದ್ದು, ಒಂದು ವರ್ಷದಲ್ಲಿ ನಾವಿಬ್ಬರೂ ಆಡಿದ ಮೊದಲ ಮಾತು ಅದು. (ಉಲ್ಟಾ ಆಗಿದ್ದರೆ? ನಿಜವಾಗಿ 86 ಇದ್ದು 98 ಅಂತ ಓದಿ ಮಲಗಿಬಿಟ್ಟಿದ್ದರೆ? ಈ ಒಂದಕ್ಕೇ ಒಂದು ಸ್ಟಾರ್ ಕಟ್.)

ಮಾರನೇ ದಿನದಿಂದ ಮಿಷನ್ ಜೊತೆ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಓಡಾಡಿತು, ಎರಡೂ ಒಂದೇ ಸ್ಟೀಲ್ ಡಬ್ಬಿಯಲ್ಲಿ. ಯಾರು, ಎಷ್ಟು ಗಂಟೆ, ಎಷ್ಟು ನಂಬರ್. ಎಲ್ಲರದನ್ನೂ ಒಂದೇ ಪುಸ್ತಕದಲ್ಲಿ ಬರೆಸಿದ್ದು ಸರಿಯಲ್ಲ ಅಂತ ಈಗ ಅನ್ನಿಸುತ್ತೆ, ಆಗ ತಲೆ ಓಡಲಿಲ್ಲ. ಅಷ್ಟರಲ್ಲಿ ಸೊಪ್ಪಿನ ಸಾಬರ ಫೋನ್: ‘ಅಕ್ಕಾ, ಮನೆಯವಳಿಗೆ ಜ್ವರ ಬಿಡ್ತಿಲ್ಲ.’ ಮಿಷನ್ ಒಂದೇ. ಬೆಳಿಗ್ಗೆ ಮೇಷ್ಟ್ರ ಮನೆ, ಮಧ್ಯಾಹ್ನ ಸಾಬರ ಮನೆ, ಸಂಜೆ ವಾಪಸ್. ಹಬ್ಬ ಹತ್ತಿರ ಬಂದಿತ್ತು, ಮಗಳು ಅಮ್ಮನ ಬೆರಳಿಗೆಲ್ಲ ಕಪ್ಪು ಮೆಹಂದಿ ಹಾಕಿಬಿಟ್ಟಿದ್ದಳು. ನಂಬರ್ ಬರಲೊಲ್ಲದು. ಕಾಲ್ಬೆರಳಿಗೆ ಹಾಕಿ ಅಂದೆ, ಬಂತು. ಉಗುರುಬಣ್ಣ ಇದ್ದರೂ, ಕೈ ತಣ್ಣಗಿದ್ದರೂ ಇದೇ ಗೋಳು. ಕಪ್ಪು ಚರ್ಮದವರಿಗೆ ಇದು ಇದ್ದದ್ದಕ್ಕಿಂತ ಜಾಸ್ತಿ ತೋರಿಸಬಹುದು ಅಂತ 2020ರ ಕೊನೆಯಲ್ಲೇ ಅಮೆರಿಕದ ವೈದ್ಯರು ಬರೆದಿದ್ದರು. ನಮ್ಮ ಊರಲ್ಲಿ ಮಾರುವ ಡಬ್ಬಿಯ ಮೇಲೆ ಆ ಮಾತು ಇರಬೇಕಿತ್ತು, ಅಲ್ವಾ?

ಮೂರನೇ ದಿನವೋ ನಾಲ್ಕನೇ ದಿನವೋ ಪುಸ್ತಕ ತೆರೆದರೆ ಕೆಂಪು ಇಂಕು. ಮೇಷ್ಟ್ರು ಕೂತು ಎಲ್ಲರ ನಂಬರನ್ನೂ ತಿದ್ದುವ ಹಾಗೆ ನೋಡಿದ್ದಾರೆ, 94ಕ್ಕಿಂತ ಕಡಿಮೆ ಇದ್ದಲ್ಲೆಲ್ಲ ಕೆಳಗೆ ಗೆರೆ. ಅವರ ಹೆಂಡತಿಯ ಸಾಲಿನಲ್ಲಿ ಗೆರೆ ಒಂದೂ ಇರಲಿಲ್ಲ. ಸಾಬರ ಮನೆಯ 92ರ ಕೆಳಗೆ ಎರಡು ಗೆರೆ. ಫೋನೂ ಬಂತು. ‘ನಿನ್ನೆ ಮಧ್ಯಾಹ್ನ 92 ಇದೆಯಲ್ಲಮ್ಮಾ, ಬೋರಲು ಮಲಗೋಕೆ ಹೇಳಿದ್ಯಾ? ಡಾಕ್ಟರಿಗೆ ಹೇಳಿದರಂತಾ? ಇವತ್ತು ಬೆಳಿಗ್ಗೆ ನಮಗೆ ಬೇಡ, ಅಲ್ಲೇ ಇರಲಿ.’ ಪುಸ್ತಕದಲ್ಲಿ ಹೆಸರು ಸ್ಪಷ್ಟವಾಗಿ ಬರೆದಿತ್ತು. ಅವರೂ ಹೆಸರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ಹೆಣ್ಣುಮಗಳು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಮೇಷ್ಟ್ರು ಬದಲಾದರು ಅಂತ ಬರೆಯಲು ನನಗೂ ಆಸೆ, ಆದರೆ 2023ರ ಚುನಾವಣೆ ಹೊತ್ತಿಗೆ ಅದೇ ಥರದ ಮೆಸೇಜ್ ಮತ್ತೆ ಹಾಕಿದರು, ನಾನೂ ಮತ್ತೆ ಜಗಳ ಆಡಿದೆ. ಆದರೆ ಈ ಸಲ ಮಾತು ಬಿಟ್ಟಿಲ್ಲ. ಸೊಪ್ಪು ಅದೇ ಗಾಡಿಯಿಂದ ತಗೋತಾರೆ, ಚೌಕಾಸಿಯೂ ಮಾಡ್ತಾರೆ.

ಮಿಷನ್ ಈಗಲೂ ನಡೆಯುತ್ತೆ. ಹಿಂದಿನ ಮುಚ್ಚಳದ ಕೊಂಡಿ ಮುರಿದಿದೆ, ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ರಿಮೋಟಿನ ಸಣ್ಣ ಸೆಲ್ ಎರಡು ಬೇಕು. ಬಳಸದೆ ಇಡುವಾಗ ತೆಗೆದಿಡಿ, ಸೋರುತ್ತವೆ. ಈಗ ಕೊಳ್ಳುವವರು ಸ್ಕ್ರೀನ್ ತಿರುಗುತ್ತಾ ಅಂತ ಅಂಗಡಿಯಲ್ಲೇ ನೋಡಿ ತಗೊಳ್ಳಿ. 5ಕ್ಕೆ 3 ಸ್ಟಾರ್. ಸ್ಟೀಲ್ ಡಬ್ಬಿ ಮೇಷ್ಟ್ರ ಮನೆಯಲ್ಲೇ ಉಳಿದಿದೆ, ಅದರಲ್ಲಿ ಅವರು ಸಾಸಿವೆ ಹಾಕಿಟ್ಟುಕೊಂಡಿದ್ದಾರೆ.