ಎಸ್ಟೀಮ್ ರೇಸ್ ಕಾರಿಗೆ ಪೀಣ್ಯದಲ್ಲಿ ಮಾಡಿಸಿದ ಗೇರ್ ಸೆಟ್: ಒಂದು ಸೀಸನ್ ಓಡಿಸಿದ ಮೇಲೆ

ಮಾರುತಿ ಎಸ್ಟೀಮನ್ನು ರೇಸಿಗೆ ಸಿದ್ಧಪಡಿಸುವವರು ಎಂಜಿನ್, ಸಸ್ಪೆನ್ಷನ್ ಮತ್ತು ಟೈರುಗಳಿಗೆ ಹಣ ಸುರಿದು ಮುಗಿದ ನಂತರವೇ ಸಾಮಾನ್ಯವಾಗಿ ಗೇರ್‌ಬಾಕ್ಸಿನ ಕಡೆಗೆ ತಿರುಗುತ್ತಾರೆ. ನಮ್ಮ ಪುಟ್ಟ ತಂಡವೂ ಅದೇ ದಾರಿಯಲ್ಲಿ ಬಂದು, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಗೇರ್ ಕಾರ್ಖಾನೆಯಲ್ಲಿ ನೇರ ಹಲ್ಲಿನ, ಸಿಂಕ್ರೊ (ಗೇರ್ ಹಾಕುವಾಗ ವೇಗ ಹೊಂದಿಸಿಕೊಡುವ ಭಾಗ) ಇಲ್ಲದ, ‘ಡಾಗ್’ ಎಂಬ ದಪ್ಪ ಉಬ್ಬುಗಳಿಂದ ಗೇರನ್ನು ಕಚ್ಚಿಹಿಡಿಯುವ ಡಾಗ್ ರಿಂಗ್ ಇರುವ ಐದು ಗೇರುಗಳ ಸೆಟ್ಟೊಂದನ್ನು ಮಾಡಿಸಿಕೊಂಡಿತು. ಆ ಸೆಟ್ ಈಗ ಒಂದು ಸೀಸನ್ ಓಡಿರುವುದರಿಂದ ಅದರ ಬಗ್ಗೆಯೂ, ಅದನ್ನು ಮಾಡಿಕೊಟ್ಟವರ ಕೆಲಸದ ಬಗ್ಗೆಯೂ ಬರೆಯಬಹುದು ಎನಿಸಿದೆ. ಕಾರ್ಖಾನೆಯ ಹೆಸರನ್ನು ಮಾತ್ರ ಹಾಕುತ್ತಿಲ್ಲ. ಅವರ ನಿತ್ಯದ ಸಂಪಾದನೆ ಟ್ರ್ಯಾಕ್ಟರ್ ಮತ್ತು ಮೆಷಿನ್ ಟೂಲ್ ಗೇರುಗಳಿಂದ ಬರುತ್ತದೆ. ರೇಸಿನ ಜಾಬ್‌ಗಳನ್ನು ಬಿಡುವಿದ್ದಾಗ ಮಾತ್ರ ಒಪ್ಪಿಕೊಳ್ಳುವ ಮಾಲೀಕರಿಗೆ ಬಾಗಿಲಲ್ಲಿ ಜನ ಸೇರುವುದು ಇಷ್ಟವಿಲ್ಲ. ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಕೆಲಸ ಕಲಿತವರು ಪೀಣ್ಯದಲ್ಲಿ ಇನ್ನೂ ಅಲ್ಲಲ್ಲಿ ಇರುವುದರಿಂದ, ಹುಡುಕುವವರಿಗೆ ಇಂಥ ಜಾಗಗಳು ಸಿಗದೇ ಇರುವುದಿಲ್ಲ.

ಮೊದಲು ಕಂಪನಿಯ ಗೇರ್‌ಬಾಕ್ಸಿನ ತೊಂದರೆ ಏನೆಂಬುದನ್ನು ಹೇಳಬೇಕು. ನಮ್ಮ ಹಳೆಯ ಬಾಕ್ಸನ್ನು ಬಿಚ್ಚಿ ಹಲ್ಲುಗಳನ್ನು ಎಣಿಸಿದಾಗ ಮೊದಲ ಗೇರು 41ಕ್ಕೆ 12 (ತಿರುಗುವ ಚಕ್ರಕ್ಕೆ 41, ಅದನ್ನು ತಿರುಗಿಸುವ ಚಕ್ರಕ್ಕೆ 12 ಹಲ್ಲು), ಎರಡನೆಯದು 36ಕ್ಕೆ 19, ಮೂರನೆಯದು 32ಕ್ಕೆ 25, ನಾಲ್ಕನೆಯದು 32ಕ್ಕೆ 35, ಐದನೆಯದು 28ಕ್ಕೆ 37 ಇದ್ದವು. ಅಂದರೆ ಅನುಪಾತಗಳು ಕ್ರಮವಾಗಿ 3.416, 1.894, 1.280, 0.914 ಮತ್ತು 0.757, ಗೇರ್‌ಬಾಕ್ಸಿನಿಂದ ಚಕ್ರಗಳ ಕಡೆಗೆ ಹೋಗುವ ಕೊನೆಯ ಜೋಡಿಯಾದ ಫೈನಲ್ ಡ್ರೈವ್ 4.105. ಊರೊಳಗೆ ಓಡಾಡುವುದಕ್ಕೂ ಹೆದ್ದಾರಿಯಲ್ಲಿ ಪೆಟ್ರೋಲ್ ಉಳಿಸುವುದಕ್ಕೂ ಇದು ಬಹಳ ಒಳ್ಳೆಯ ಜೋಡಣೆ. ರೇಸಿನಲ್ಲಿ ಮಾತ್ರ ಇದೇ ಜೋಡಣೆ ಕೈಕೊಡುತ್ತದೆ. 185/60 ಅಳತೆಯ 13 ಇಂಚಿನ ಟೈರಿಗೆ ಲೆಕ್ಕ ಹಾಕಿದರೆ, 7,800 ಆರ್‌ಪಿಎಂನಲ್ಲಿ ಎರಡನೆಯ ಗೇರು ಗಂಟೆಗೆ ಸುಮಾರು 104 ಕಿ.ಮೀ., ಮೂರನೆಯದು 154 ಕಿ.ಮೀ., ನಾಲ್ಕನೆಯದು 216 ಕಿ.ಮೀ., ಐದನೆಯದು 261 ಕಿ.ಮೀ. ವೇಗಕ್ಕೆ ಮುಗಿಯುತ್ತವೆ. 1,298 ಸಿಸಿ ಎಂಜಿನ್ನಿನ ಈ ಕಾರು ಎಷ್ಟೇ ತಿದ್ದಿದರೂ 216ರ ಹತ್ತಿರ ಸುಳಿಯುವುದಿಲ್ಲವಾದ್ದರಿಂದ ಐದನೆಯ ಗೇರು ಬರೀ ಭಾರವಾಗಿ ಕುಳಿತಿರುತ್ತದೆ, ನಾಲ್ಕನೆಯದು ಅರ್ಧದಲ್ಲೇ ನಿಲ್ಲುತ್ತದೆ. ಇದಕ್ಕಿಂತ ಹೆಚ್ಚು ಕಾಡುವುದು ಗೇರುಗಳ ನಡುವಿನ ಅಂತರ. ಎರಡರಿಂದ ಮೂರಕ್ಕೆ ಹೋದ ಕೂಡಲೇ ಎಂಜಿನ್ 7,800ರಿಂದ ಸುಮಾರು 5,270ಕ್ಕೆ ಬೀಳುತ್ತದೆ, ಮೂರರಿಂದ ನಾಲ್ಕಕ್ಕೆ 5,570ಕ್ಕೆ. ನಮ್ಮ ಕ್ಯಾಮ್‌ಶಾಫ್ಟ್ 5,800ರ ಮೇಲೆ ಮಾತ್ರ ಮೈಕೊಡವಿಕೊಂಡು ಏಳುವಂಥದ್ದು. ಹೀಗಾಗಿ ಪ್ರತಿ ಸಲ ಗೇರ್ ಹಾಕಿದಾಗಲೂ ಕಾರು ಒಂದು ಕ್ಷಣ ಸತ್ತಂತಾಗಿ, ಮುಂದಿನವನು ಇನ್ನಷ್ಟು ಮುಂದೆ ಹೋಗಿರುತ್ತಿದ್ದ.

ಕಾರ್ಖಾನೆಯ ಬಗ್ಗೆ ಮೊದಲ ಒಳ್ಳೆಯ ಮಾತು ಇಲ್ಲಿಯೇ ಹೇಳಬೇಕು. ಇಂಥ ಕೆಲಸಕ್ಕೆ ಹೋದರೆ ಬಹುತೇಕ ಕಡೆ ‘ಟಾಪ್ ಸ್ಪೀಡ್ ಎಷ್ಟು ಬೇಕು’ ಎಂಬ ಪ್ರಶ್ನೆಯಿಂದ ಮಾತು ಶುರುವಾಗುತ್ತದೆ. ಇಲ್ಲಿನ ಮಾಲೀಕರು, ‘ಟಾಪ್ ಸ್ಪೀಡ್ ಆಮೇಲೆ ನೋಡೋಣ ಸಾರ್, ತಿರುವಿನಿಂದ ಹೊರಗೆ ಬರುವಾಗ ಎಂಜಿನ್ ಎಷ್ಟು ಸುತ್ತುತ್ತಾ ಇರುತ್ತೆ, ಅದನ್ನು ತನ್ನಿ’ ಎಂದು ನಮ್ಮ ಡೇಟಾ ಲಾಗರಿನ ದಾಖಲೆ ಕೇಳಿದರು. ಚೆನ್ನೈ ಬಳಿಯ ಇರುಂಗಾಟ್ಟುಕೋಟೈಯ 3.7 ಕಿ.ಮೀ. ಟ್ರ್ಯಾಕಿನ ದಾಖಲೆಯನ್ನು ಕಂಪ್ಯೂಟರಿನಲ್ಲಿ ಹಾಕಿಕೊಂಡು, ಯಾವ ಜಾಗದಲ್ಲಿ ಎಂಜಿನ್ ಎಷ್ಟು ಹೊತ್ತು 5,800ರ ಕೆಳಗೆ ಇರುತ್ತದೆ ಎಂಬುದನ್ನು ಗುರುತು ಮಾಡಿದ ನಂತರವೇ ಅವರು ಹಲ್ಲುಗಳ ಲೆಕ್ಕಕ್ಕೆ ಕೈಹಾಕಿದ್ದು. ಕೊನೆಗೆ ನಿಂತ ಜೋಡಿಗಳು 35ಕ್ಕೆ 13, 32ಕ್ಕೆ 16, 30ಕ್ಕೆ 19, 28ಕ್ಕೆ 22 ಮತ್ತು 26ಕ್ಕೆ 24. ಫೈನಲ್ ಡ್ರೈವ್ ಹಾಗೆಯೇ ಉಳಿಯಿತು. ಈಗ 7,800ರಲ್ಲಿ ಗೇರುಗಳು ಸುಮಾರು 73, 99, 125, 155 ಮತ್ತು 183 ಕಿ.ಮೀ. ವೇಗಕ್ಕೆ ಮುಗಿಯುತ್ತವೆ. ಎರಡರಿಂದ ಮೂರಕ್ಕೆ ಹೋದರೆ ಎಂಜಿನ್ ಬೀಳುವುದು 6,160ಕ್ಕೆ, ಮೂರರಿಂದ ನಾಲ್ಕಕ್ಕೆ 6,290ಕ್ಕೆ, ನಾಲ್ಕರಿಂದ ಐದಕ್ಕೆ 6,640ಕ್ಕೆ. ಮೇಲಿನ ಗೇರುಗಳಿಗೆ ಹೋದಂತೆ ಅಂತರ ಕಿರಿದಾಗುತ್ತಿರುವುದು ಬೇಕೆಂದೇ ಮಾಡಿದ್ದು. ವೇಗ ಹೆಚ್ಚಿದಷ್ಟೂ ಗಾಳಿಯ ತಡೆ ಹೆಚ್ಚುವುದರಿಂದ, ಮೇಲಿನ ಗೇರುಗಳಲ್ಲಿ ಒಂದಿಷ್ಟು ಆರ್‌ಪಿಎಂ ಕಳೆದುಕೊಂಡರೂ ಅದನ್ನು ಮರಳಿ ಪಡೆಯುವುದಕ್ಕೆ ಬಹಳ ದೂರ ಬೇಕಾಗುತ್ತದೆ.

ಈ ಲೆಕ್ಕವನ್ನು ಕಾಗದದ ಮೇಲೆ ಯಾರು ಬೇಕಾದರೂ ಹಾಕಬಹುದು. ಅದನ್ನು ಕಂಪನಿಯ ಕವಚದೊಳಗೆ ಕೂರಿಸುವುದೇ ಕಷ್ಟದ ಕೆಲಸ. ಎರಡು ಶಾಫ್ಟುಗಳ ನಡುವಿನ ದೂರವನ್ನು ಬದಲಿಸುವಂತಿಲ್ಲ, ಅದೇ ದೂರಕ್ಕೆ ಐದೂ ಜೋಡಿಗಳು ಹೊಂದಬೇಕು. ಮೊದಲ ಗೇರಿನ ಚಿಕ್ಕ ಚಕ್ರಕ್ಕೆ 13 ಹಲ್ಲುಗಳು ಮಾತ್ರ ಇರುವುದರಿಂದ, ಸಾಧಾರಣ 20 ಡಿಗ್ರಿ ಒತ್ತಡ ಕೋನದಲ್ಲಿ ಕಡಿದರೆ ಹಲ್ಲಿನ ಬುಡವೇ ಕೊರೆದುಹೋಗುತ್ತದೆ. ಆದ್ದರಿಂದ ಹಲ್ಲು ಕಡಿಯುವ ಉಪಕರಣವಾದ ಹಾಬನ್ನು ಒಂದಿಷ್ಟು ಹೊರಗೆ ಸರಿಸಿ, ಪ್ರೊಫೈಲ್ ಶಿಫ್ಟ್ ಕೊಟ್ಟು ಕಡಿಯಲಾಯಿತು. ಅಲ್ಲದೆ ಈ ಬಾಕ್ಸಿನಲ್ಲಿ ಒಂದು ಮತ್ತು ಎರಡನೆಯ ಗೇರಿನ ಚಿಕ್ಕ ಚಕ್ರಗಳು ಇನ್‌ಪುಟ್ ಶಾಫ್ಟಿನ ಮೇಲೆಯೇ ಕಡಿದಂಥವು. ಹಾಗಾಗಿ ಶಾಫ್ಟನ್ನೂ ಪೂರ್ತಿ ಹೊಸದಾಗಿ ಮಾಡದೆ ಗತಿಯಿರಲಿಲ್ಲ, ಒಟ್ಟು ಖರ್ಚಿನ ದೊಡ್ಡ ಪಾಲು ಹೋದದ್ದೂ ಅದಕ್ಕೇ. ಕಂಪನಿಯ ಓರೆ ಹಲ್ಲಿಗೆ ಬಲ ಸಾಲದೆಂಬ ಕಾರಣಕ್ಕೆ ನೇರ ಹಲ್ಲು ಹಾಕಿಸುತ್ತಾರೆ ಎಂಬ ನಂಬಿಕೆ ನಮ್ಮವರಲ್ಲಿ ಬೇರೂರಿದೆ, ಆದರೆ ಅದೇ ಅಗಲದ ಓರೆ ಹಲ್ಲು ಒಂದೇ ಸಮಯಕ್ಕೆ ಹೆಚ್ಚು ಹಲ್ಲುಗಳ ಮೇಲೆ ಭಾರ ಹಂಚುವುದರಿಂದ ಅದೇನೂ ದುರ್ಬಲವಲ್ಲ. ನೇರ ಹಲ್ಲಿನ ನಿಜವಾದ ಲಾಭವೆಂದರೆ ಅದು ಶಾಫ್ಟನ್ನು ಉದ್ದಕ್ಕೆ ತಳ್ಳುವುದಿಲ್ಲ. ಎಸ್ಟೀಮಿನ ತೆಳ್ಳಗಿನ ಅಲ್ಯುಮಿನಿಯಂ ಕವಚಕ್ಕೂ ಬೇರಿಂಗುಗಳಿಗೂ ಆ ತಳ್ಳಾಟ ತಪ್ಪುವುದೇ ದೊಡ್ಡ ನೆಮ್ಮದಿ.

ಉಕ್ಕು ಇಎನ್ 36 ಸಿ, ಅಂದರೆ ಶೇಕಡಾ ಮೂರಕ್ಕೂ ಹೆಚ್ಚು ನಿಕಲ್ ಇರುವ ಕೇಸ್ ಹಾರ್ಡನಿಂಗ್ ಉಕ್ಕು. ಹಾಬಿಂಗ್ ಆದ ಮೇಲೆ ಸುಮಾರು 920 ಡಿಗ್ರಿಯಲ್ಲಿ ಇಂಗಾಲ ಹಿಡಿಸಿ, 0.8 ಮಿ.ಮೀ. ಆಳದವರೆಗೆ ಗಟ್ಟಿ ಪದರ ಮಾಡಿಸಿದ್ದಾರೆ. ಗಡಸುತನದ ಅಳತೆಯಲ್ಲಿ ಮೇಲ್ಮೈ 60 ಎಚ್‌ಆರ್‌ಸಿ ಆಸುಪಾಸು, ಒಳಗಿನ ತಿರುಳು 38. ನಿಕಲ್ ಹೆಚ್ಚಿರುವ ಉಕ್ಕಿನಲ್ಲಿ ಗಟ್ಟಿಯಾಗದೆ ಉಳಿಯುವ ಭಾಗ ಹೆಚ್ಚಾಗಿರುವುದರಿಂದ ಸಬ್‌ಝೀರೊ (ಸೊನ್ನೆ ಡಿಗ್ರಿಗಿಂತ ಬಹಳ ಕೆಳಗೆ ತಣಿಸುವುದು) ಮಾಡಿಸಲೇಬೇಕು ಎಂದು ಅವರೇ ಪಟ್ಟುಹಿಡಿದರು. ಹೀಟ್ ಟ್ರೀಟ್‌ಮೆಂಟನ್ನು ಹೊರಗೆ ಕೊಡುತ್ತಾರೆ, ಎಡವಿದ್ದೂ ಅಲ್ಲಿಯೇ: ಎರಡನೆಯ ಗೇರಿನ ದೊಡ್ಡ ಚಕ್ರ ಕುಲುಮೆಯಿಂದ ಬಂದಾಗ ಅದರ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಗ್ರೈಂಡಿಂಗಿನಲ್ಲಿ ಸರಿದೂಗಿಸಿ ಕೊಟ್ಟಿದ್ದರೆ ನಮಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ಹಾಗೆ ಮಾಡಿದರೆ ಒಂದು ಪಕ್ಕದಲ್ಲಿ ಗಟ್ಟಿ ಪದರ ಸವೆದು ತೆಳ್ಳಗಾಗುತ್ತದೆ ಎಂದು ಹೇಳಿ, ಅದನ್ನು ಪಕ್ಕಕ್ಕಿಟ್ಟು ತಮ್ಮ ಖರ್ಚಿನಲ್ಲಿಯೇ ಇನ್ನೊಂದನ್ನು ಕಡಿದರು. ಇದರಿಂದ ಡೆಲಿವರಿ ತಡವಾಗಿ ನಮಗೆ ಸೀಸನ್ನಿನ ಮೊದಲ ಸುತ್ತು ತಪ್ಪಿತು. ತಡದ ವಿಷಯವನ್ನು ನಾವು ಫೋನ್ ಮಾಡಿದ ಮೇಲಷ್ಟೇ ತಿಳಿಸಿದ್ದು ಬೇಸರದ ಸಂಗತಿ. ಕೆಲಸದಲ್ಲಿರುವ ಶಿಸ್ತು ಸುದ್ದಿ ಮುಟ್ಟಿಸುವುದರಲ್ಲಿ ಇಲ್ಲ.

ಗ್ರೈಂಡಿಂಗ್ ಮುಗಿದ ಗೇರುಗಳನ್ನು ತಪಾಸಣೆ ಮಾಡುವ ರೀತಿ ಮಾತ್ರ ನೋಡುವಂಥದ್ದು. ಪ್ರತಿ ಗೇರನ್ನೂ ಸ್ಪಿರಿಟ್ಟಿನಲ್ಲಿ ಬೆರೆಸಿದ ತೆಳು ನೈಟ್ರಿಕ್ ಆಮ್ಲದಲ್ಲಿ ಅದ್ದಿ, ನೀರಿನಲ್ಲಿ ತೊಳೆದು, ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಹಲ್ಲಿನಿಂದ ಹಲ್ಲಿಗೆ ತಿರುಗಿಸುತ್ತಾರೆ. ಗ್ರೈಂಡಿಂಗಿನ ಬಿಸಿಗೆ ಉಕ್ಕು ಎಲ್ಲಾದರೂ ಸುಟ್ಟಿದ್ದರೆ ಅಲ್ಲಿ ಕಪ್ಪು ಕಲೆ ಏಳುತ್ತದೆ. ನಮ್ಮವು ಬುಡದಿಂದ ತುದಿಯವರೆಗೆ ಒಂದೇ ಸಮನಾದ ಬೂದುಬಣ್ಣಕ್ಕೆ ತಿರುಗಿದವು. ಆಮೇಲೆ ಹಲ್ಲಿಗೆ ನೀಲಿ ಬಳಿದು ಕೈಯಿಂದ ಸುತ್ತಿಸಿ, ಅಚ್ಚು ಹಲ್ಲಿನ ನಡುವೆಯೇ ಬೀಳುತ್ತಿದೆಯೇ ಎಂದು ನೋಡಿದರು. ಅಳತೆಗಳನ್ನೆಲ್ಲ ಬರೆದ ಒಂದು ಹಾಳೆ ಸೆಟ್ಟಿನ ಜೊತೆಗೇ ಬಂತು. ಇದಕ್ಕಿಂತ ದುಬಾರಿ ಕೆಲಸ ಮಾಡುವವರೂ ಈ ಹಾಳೆ ಕೊಡುವುದನ್ನು ನಾನು ಕಂಡಿಲ್ಲ.

ಟ್ರ್ಯಾಕಿನಲ್ಲಿ ಇದರ ಗುಣ ಮೊದಲ ಸುತ್ತಿನಲ್ಲಿಯೇ ತಿಳಿಯುತ್ತದೆ. ಹೊರಡುವಾಗ ಮಾತ್ರ ಕ್ಲಚ್ ಬೇಕು. ಆಮೇಲೆ ಆಕ್ಸಿಲರೇಟರನ್ನು ಒಂದಿಷ್ಟು ಸಡಿಲಿಸಿ ಲಿವರನ್ನು ಗಟ್ಟಿಯಾಗಿ ಎಳೆದರೆ ಡಾಗ್ ಟಕ್ಕನೆ ಕೂರುತ್ತದೆ. ಇಳಿಸುವಾಗ ಒಮ್ಮೆ ಆಕ್ಸಿಲರೇಟರ್ ಒತ್ತಿ ಎಂಜಿನ್ನನ್ನು ಏರಿಸಿಕೊಳ್ಳಬೇಕು. ಸಿಂಕ್ರೊ ಅಭ್ಯಾಸವಿರುವವರು ನಯವಾಗಿ, ನಿಧಾನವಾಗಿ ಹಾಕಲು ಹೋಗುತ್ತಾರೆ, ಡಾಗ್‌ಗಳ ಅಂಚು ಸವೆಯುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ. ಒಳಗಿನ ಸದ್ದು ಹಿಟ್ಟಿನ ಗಿರಣಿಯ ಪಕ್ಕದಲ್ಲಿ ನಿಂತಂತೆ ಇರುತ್ತದೆ. ಕಾರನ್ನು ರಸ್ತೆಯಲ್ಲೂ ಓಡಿಸುವ ಯೋಚನೆಯಿದ್ದವರು ಇತ್ತ ಬರುವುದೇ ಬೇಡ. ಮೊದಲ ಗೇರು ಉದ್ದವಾಗಿರುವುದರಿಂದ, ಅಂದರೆ ಅದರ ಅನುಪಾತ ಕಡಿಮೆಯಿರುವುದರಿಂದ, ನಿಂತಲ್ಲಿಂದ ಹೊರಡುವಾಗ ಕ್ಲಚ್ಚಿಗೆ ಹೆಚ್ಚು ಹೊಡೆತ ಬೀಳುತ್ತದೆ, ಪ್ಯಾಡಕ್ಕಿನಲ್ಲಿ (ರೇಸ್ ಕಾರುಗಳನ್ನು ನಿಲ್ಲಿಸುವ ಆವರಣ) ಹಿಂದೆ ಮುಂದೆ ಸರಿಸುವುದೂ ಹಿಂಸೆ.

ದೋಷವೆನ್ನಬಹುದಾದದ್ದು ಮೂರನೆಯ ಗೇರಿನಲ್ಲಿ ಕಂಡಿತು. ಬ್ರೇಕ್ ಹಿಡಿದು ಎಂಜಿನ್ ಎಳೆತಕ್ಕೆ ಬಿಟ್ಟಾಗ ಲಿವರ್ ತಾನಾಗಿಯೇ ನ್ಯೂಟ್ರಲ್ಲಿಗೆ ಹಾರುತ್ತಿತ್ತು. ವೇಗವಾಗಿ ತಿರುವಿಗೆ ಇಳಿಯುವಾಗ ಹೀಗಾಗುವುದು ಹುಡುಗಾಟವಲ್ಲ. ಬಿಚ್ಚಿ ನೋಡಿದಾಗ ಕಾರಣ ಡಾಗ್‌ಗಳ ಮೇಲೆಯೇ ಬರೆದಂತಿತ್ತು: ಎಳೆಯುವ ಕಡೆಯ ಮುಖಗಳು ಪೂರ್ತಿ ಹೊಳೆಯುತ್ತಿದ್ದವು, ತಡೆಯುವ ಕಡೆಯ ಮುಖಗಳಲ್ಲಿ ತುದಿಯ ಒಂದು ಸಣ್ಣ ಪಟ್ಟಿ ಮಾತ್ರ ಮಿನುಗಿ, ಉಳಿದ ಭಾಗ ಕುಲುಮೆಯಿಂದ ಬಂದ ಮಬ್ಬಿನಲ್ಲಿಯೇ ಉಳಿದಿತ್ತು. ಭಾರ ಬಿದ್ದಾಗ ಎರಡೂ ಒಂದನ್ನೊಂದು ಒಳಗೆ ಎಳೆದುಕೊಳ್ಳುವಂತೆ ಡಾಗ್‌ಗಳ ಮುಖವನ್ನು ಎರಡು ಮೂರು ಡಿಗ್ರಿ ಒಳಕ್ಕೆ ಓರೆ ಮಾಡಿರುತ್ತಾರೆ. ಆ ಓರೆ ತಡೆಯುವ ಕಡೆಯಲ್ಲಿ ಸಾಲದಾಗಿತ್ತು. ಕಾರ್ಖಾನೆಯವರು ವಾದಕ್ಕೆ ಇಳಿಯದೆ ಮುಖಗಳನ್ನು ಮತ್ತೆ ಗ್ರೈಂಡ್ ಮಾಡಿ ಕೊಟ್ಟರು, ಹಣ ಕೇಳಲಿಲ್ಲ. ಆ ಮೇಲೆ ಗೇರು ಒಮ್ಮೆಯೂ ಹಾರಿಲ್ಲ. ಆದರೂ ಹಲ್ಲಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾದ ತಪಾಸಣೆ ಇಟ್ಟುಕೊಂಡವರು ಡಾಗ್ ಕೋನವನ್ನು ಅಳೆಯುವ ಗೇಜ್ ಇಟ್ಟುಕೊಂಡಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಟ್ರ್ಯಾಕ್ಟರ್ ಗೇರಿನ ಅನುಭವ ಕೈಕೊಡುವುದು ಇಂಥ ಕಡೆಯಲ್ಲಿ.

ಇನ್ನೊಂದು ಮಿತಿ ಈ ಬಗೆಯ ಬಾಕ್ಸಿನದೇ, ಕಾರ್ಖಾನೆಯದಲ್ಲ. ಇಂಗ್ಲೆಂಡಿನ ಮೇಡನ್‌ಹೆಡ್ಡಿನಲ್ಲಿ 1957ರಲ್ಲಿ ಆರಂಭವಾದ ಹ್ಯೂಲ್ಯಾಂಡ್ ಕಂಪನಿಯೂ ಮೊದಮೊದಲು ಫೋಕ್ಸ್‌ವ್ಯಾಗನ್ ಬೀಟಲ್‌ನ ಕವಚದೊಳಗೆ ತನ್ನ ಗೇರುಗಳನ್ನು ಕೂರಿಸಿಯೇ ರೇಸ್ ಬಾಕ್ಸ್ ಮಾಡಿದ್ದು. ಆದರೆ ಅವರ ವಿನ್ಯಾಸದಲ್ಲಿ ಹಿಂದಿನ ಮುಚ್ಚಳ ತೆಗೆದು ಟ್ರ್ಯಾಕಿನಲ್ಲಿಯೇ ಅನುಪಾತ ಬದಲಿಸಬಹುದು. ನಮ್ಮದರಲ್ಲಿ ಇಡೀ ಬಾಕ್ಸನ್ನು ಕೆಳಗಿಳಿಸಿ ಕವಚ ಬಿಚ್ಚಬೇಕು. ಇರುಂಗಾಟ್ಟುಕೋಟೈಗೆ ಹೊಂದಿಸಿದ ಈ ಅನುಪಾತಗಳು ಕೊಯಮತ್ತೂರಿನ ಚಿಕ್ಕ ಕರಿ ಸ್ಪೀಡ್‌ವೇಯಲ್ಲಿ ಐದನೆಯ ಗೇರನ್ನು ಹೆಚ್ಚುಕಡಿಮೆ ಕೆಲಸವಿಲ್ಲದೆ ಕೂರಿಸುತ್ತವೆ. ಒಂದು ಕಿಲೋಮೀಟರಿಗೂ ಮೀರಿದ ನೇರ ಹಾದಿ ಇರುವ ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ, ಇದಕ್ಕಿಂತ ಬಲವಾದ ಎಂಜಿನ್ ಇದ್ದರೆ 183ಕ್ಕೆ ಗೇರುಗಳು ಮುಗಿದು ಕೈಕಟ್ಟಿದಂತಾಗುತ್ತದೆ. ಫೈನಲ್ ಡ್ರೈವ್ ಬದಲಿಸಿ ಸರಿಪಡಿಸೋಣವೆಂದರೆ ಅದರ ಪಿನಿಯನ್ ಔಟ್‌ಪುಟ್ ಶಾಫ್ಟಿನ ಜೊತೆಗೇ ಇರುವುದರಿಂದ ಇನ್ನೊಂದು ಶಾಫ್ಟಿನ ಖರ್ಚು ತಲೆಗೆ ಬರುತ್ತದೆ.

ಬೆಲೆಯ ವಿಷಯ: ಗೇರುಗಳು, ಇನ್‌ಪುಟ್ ಶಾಫ್ಟ್ ಮತ್ತು ಡಾಗ್ ರಿಂಗುಗಳಿಗೆ ಜಿಎಸ್‌ಟಿ ಸೇರಿ ಮೂರು ಲಕ್ಷದೊಳಗೆ ಮುಗಿಯಿತು; ಒಂದೇ ಚಕ್ರ ಜಾರಿ ಸುತ್ತದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದರಲ್ಲಿ ಸೇರಿಲ್ಲ. ಸೀಕ್ವೆನ್ಷಿಯಲ್ ಬಾಕ್ಸನ್ನು (ಗೇರುಗಳು ಒಂದರ ನಂತರ ಒಂದರಂತೆ ಮಾತ್ರ ಬೀಳುವಂಥದ್ದು) ಹೊರದೇಶದಿಂದ ತರಿಸಿದರೆ ಸುಂಕ ಸೇರಿ ಇದರ ಹಲವು ಪಟ್ಟು ಆಗುತ್ತದೆ. ಆ ಹಣಕ್ಕೆ ಅದು ನಿಜವಾಗಿಯೂ ಬೇರೆಯೇ ದರ್ಜೆಯ ವಸ್ತು ಎಂಬುದರಲ್ಲಿ ಅನುಮಾನವಿಲ್ಲ, ಆದರೆ ನೂರು ಚಿಲ್ಲರೆ ಅಶ್ವಶಕ್ತಿಯ ಕಾರಿಗೆ ಅದು ದುಂದುವೆಚ್ಚ. ನೀವು ಓಡಿಸುವ ತರಗತಿಯ ನಿಯಮದಲ್ಲಿ ಕಂಪನಿ ಗೇರುಗಳನ್ನು ಬದಲಿಸಲು ಅವಕಾಶವಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಹಲವು ತರಗತಿಗಳಲ್ಲಿ ಇರುವುದಿಲ್ಲ.

ಬಾಕ್ಸನ್ನು ಕೆಲಸಕ್ಕೆ ಕೊಡುವಾಗ ಕವಚವನ್ನು ಬಿಚ್ಚಿ, ತೊಳೆದು, ಬೇರಿಂಗ್ ಕೂರುವ ಜಾಗಗಳಲ್ಲಿ ಸವೆತವಿಲ್ಲವೆಂದು ಖಚಿತಪಡಿಸಿಕೊಂಡು ಕೊಡಿ. ಎಣ್ಣೆ ಮೆತ್ತಿದ ಬಾಕ್ಸನ್ನು ಅವರು ಮುಟ್ಟುವುದಿಲ್ಲ. ರಿವರ್ಸ್ ಗೇರಿನ ಐಡ್ಲರ್ (ಎರಡು ಗೇರುಗಳ ನಡುವಿನ ಚಕ್ರ) ಹೊಸ ಹಲ್ಲುಗಳಿಗೆ ಹೊಂದುವಂತೆ ಅದನ್ನೂ ಆರ್ಡರಿನಲ್ಲಿ ಸೇರಿಸಲು ಹೇಳಬೇಕು, ಅವರಾಗಿ ಕೇಳುವುದಿಲ್ಲ. ಮೂರು-ನಾಲ್ಕರ ಡಾಗ್ ರಿಂಗನ್ನು ಮಾತ್ರ ಒಂದು ಹೆಚ್ಚುವರಿಯಾಗಿ ಮೊದಲೇ ಮಾಡಿಸಿಕೊಳ್ಳುವುದು ಒಳ್ಳೆಯದು: ಎಲ್ಲಕ್ಕಿಂತ ಮೊದಲು ಸವೆಯುವುದು ಅದೇ, ಮತ್ತು ಕುಲುಮೆಯ ಬಾಡಿಗೆ ಒಂದು ಲೋಡಿಗೆ ಇಷ್ಟೆಂದು ಇರುವುದರಿಂದ ಸೆಟ್ಟಿನ ಜೊತೆಯಲ್ಲಿ ಹಾಕಿಸಿದರೆ ಉಕ್ಕು ಮತ್ತು ಮೆಷಿನಿಂಗಿನ ಹಣ ಮಾತ್ರ ಬೀಳುತ್ತದೆ.