1911 ಮತ್ತು ಹೈ-ಪವರ್: ಇಟ್ಟುಕೊಂಡು ನೋಡಿದ ಮೇಲೆ

ಉಕ್ಕಿನ ಮೈ, ಹೊರಗೆ ಕಾಣುವ, ಗುಂಡು ಸಿಡಿಸಲು ಬಡಿಯುವ ಹ್ಯಾಮರ್, ಮರದ ಹಿಡಿ. ಇಂಥ ಹಳೆಯ ಶೈಲಿಯ ಸೆಮಿ-ಆಟೊಮ್ಯಾಟಿಕ್ ಪಿಸ್ತೂಲನ್ನು ಬಯಸುವವರ ಆಯ್ಕೆ ಬಹುಪಾಲು ಎರಡಕ್ಕೆ ಬಂದು ನಿಲ್ಲುತ್ತದೆ. ಒಂದು, ಅಮೆರಿಕದ ಸೇನೆ 1911ರಲ್ಲಿ ಅಂಗೀಕರಿಸಿದ, ಆ ವರ್ಷವೇ ಹೆಸರಾಗಿ ಉಳಿದ .45 ಇಂಚಿನ ಪಿಸ್ತೂಲು. ಇನ್ನೊಂದು 9 ಮಿ.ಮೀ. ಹೈ-ಪವರ್. ಎರಡರ ಹಿಂದೆಯೂ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಅವರ ತಲೆ ಇದೆ. ಹೈ-ಪವರ್ ಮುಗಿಯುವ ಮೊದಲೇ, 1926ರಲ್ಲಿ, ಅವರು ತೀರಿಕೊಂಡರು. ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯ ಸೈವ್ ಅದನ್ನು ಪೂರ್ಣಗೊಳಿಸಿದರು. 1935ರಲ್ಲಿ ಅದು ಬೆಲ್ಜಿಯಂ ಸೇನೆಗೆ ಸೇರಿತು.

ಕೈಗೆ ಹಿತವಾಗಿ ಕೂರುವುದು ಹೈ-ಪವರ್. ಹಿಡಿಯೊಳಗಿನ ಗುಂಡಿನ ಡಬ್ಬಿಯಾದ ಮ್ಯಾಗಜಿನ್‌ನಲ್ಲಿ ಹದಿಮೂರು ಗುಂಡುಗಳು ಎರಡು ಸಾಲಾಗಿ ಕುಳಿತರೂ ಅದರ ಹಿಡಿ ದಪ್ಪವೆನಿಸುವುದಿಲ್ಲ. 1911ರಲ್ಲಿ ಹಿಡಿಸುವುದು ಏಳೇ ಗುಂಡು, ತೂಕವೋ ಒಂದು ಕಿಲೋ ಮೀರುತ್ತದೆ. ಆದರೆ ಗುರಿ ಹಲಗೆಯ ಮುಂದೆ ಆ ತೂಕವೇ ಕೈಯನ್ನು ಅಲುಗಾಡದಂತೆ ಹಿಡಿದಿಡುತ್ತದೆ.

ಟ್ರಿಗರ್ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. 1911ರ ಟ್ರಿಗರ್ ನೇರವಾಗಿ ಹಿಂದಕ್ಕೆ ಜಾರುತ್ತದೆ. ಎಲ್ಲಿ ಬಿಡುತ್ತದೆ ಎಂಬುದು ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಹೈ-ಪವರ್‌ನಲ್ಲಿ ಮ್ಯಾಗಜಿನ್ ಇಲ್ಲದಾಗ ಗುಂಡು ಹಾರದಂತೆ ತಡೆಯುವ ಭಾಗವೊಂದಿದ್ದು, ಟ್ರಿಗರ್ ಒತ್ತಿದಾಗ ಅದು ಮ್ಯಾಗಜಿನ್‌ನ ಮುಂಬದಿಗೆ ಉಜ್ಜಿಕೊಳ್ಳುತ್ತದೆ. ಆ ಒರಟುತನ ಬೆರಳಿಗೆ ತಿಳಿಯದೆ ಇರದು. ಕೆಲವರು ಆ ಭಾಗವನ್ನೇ ತೆಗೆಸಿಬಿಡುತ್ತಾರೆ. ಸುರಕ್ಷತೆಗೆಂದು ಇಟ್ಟದ್ದನ್ನು ತೆಗೆಯುವುದು ನನಗೆ ಒಪ್ಪಿಗೆಯಿಲ್ಲ. ಹೈ-ಪವರ್‌ನ ಹ್ಯಾಮರ್ ಹೆಬ್ಬೆರಳ ಬುಡದ ಚರ್ಮವನ್ನು ಕಚ್ಚುವುದೂ ಉಂಟು. ಅಂಗೈ ತುಂಬಿಕೊಂಡಿರುವವರು ಕೊಳ್ಳುವ ಮೊದಲು ಹಾರಿಸಿ ನೋಡಲೇಬೇಕು.

ಶುಚಿ ಮಾಡಲು ಕೂತಾಗ ತಕ್ಕಡಿ ಹೈ-ಪವರ್ ಕಡೆಗೆ ವಾಲುತ್ತದೆ. ಯಾವುದಾದರೂ ಸರಿ, ಮೊದಲು ಮ್ಯಾಗಜಿನ್ ಹೊರಗೆ, ಆಮೇಲೆ ಪಿಸ್ತೂಲಿನ ಮೇಲಿನ ಜಾರುವ ಭಾಗವಾದ ಸ್ಲೈಡ್ ಎಳೆದು, ಗುಂಡು ಕೂರುವ ಚೇಂಬರ್ ಬರಿದಾಗಿದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳಬೇಕು. ಹೈ-ಪವರ್‌ನಲ್ಲಿ ಸ್ಲೈಡನ್ನು ಹಿಂದಕ್ಕೆಳೆದು ಸೇಫ್ಟಿಯನ್ನು ಮೇಲೆತ್ತಿದರೆ ಅದು ಅಲ್ಲೇ ನಿಲ್ಲುತ್ತದೆ. ಸ್ಲೈಡನ್ನು ತಡೆಯುವ ಸನ್ನೆಯಾದ ಸ್ಲೈಡ್ ಸ್ಟಾಪ್ ಹೊರತೆಗೆದು, ಸ್ಲೈಡನ್ನು ಹಿಡಿದುಕೊಂಡೇ ಸೇಫ್ಟಿ ಇಳಿಸಿದರೆ ಮುಗಿಯಿತು: ಸ್ಲೈಡ್ ಮುಂದಕ್ಕೆ ಜಾರಿ ಬರುತ್ತದೆ, ಸ್ಪ್ರಿಂಗ್ ಮತ್ತು ನಳಿಕೆ ಒಂದರ ಹಿಂದೊಂದು ಕೈಗೆ ಸಿಗುತ್ತವೆ.

1911 ಇಷ್ಟು ಸಲೀಸಲ್ಲ. ನಳಿಕೆಯ ಬಾಯಿಯ ಕೆಳಗಿನ ಪ್ಲಗ್ ಅನ್ನು ಹೆಬ್ಬೆರಳಿನಿಂದ ಒಳಕ್ಕೊತ್ತಿ ಹಿಡಿದು ನಳಿಕೆಯ ತುದಿಯ ಉಂಗುರವಾದ ಬುಷಿಂಗ್ ತಿರುಗಿಸಬೇಕು. ಬೆರಳು ಜಾರಿದರೆ ಪ್ಲಗ್ ಸ್ಪ್ರಿಂಗ್ ಸಮೇತ ಕೋಣೆಯ ಆಚೆ ಮೂಲೆಗೆ ಹಾರುತ್ತದೆ, ಆದ್ದರಿಂದ ಕನ್ನಡಕ ಹಾಕಿಕೊಳ್ಳಿ. ಮರುಜೋಡಿಸುವಾಗ ಸ್ಲೈಡ್ ಸ್ಟಾಪ್‌ನ ಪಿನ್ ನಳಿಕೆಯ ಅಡಿಯ ಪುಟ್ಟ ಕೊಂಡಿಯ ತೂತಿನ ಮೂಲಕವೇ ಹಾಯಬೇಕು. ಅವಸರದಲ್ಲಿ ಸ್ಲೈಡ್ ಸ್ಟಾಪನ್ನು ಉಜ್ಜುತ್ತ ಮೇಲಕ್ಕೆ ತಿರುಗಿಸಿದರೆ ಫ್ರೇಮಿನ ಮೇಲೆ ಕಮಾನಿನಾಕಾರದ ಗೀರು ಬೀಳುತ್ತದೆ. ಹಳೆಯ 1911 ಕೊಳ್ಳುವಾಗ ನಾನು ಮೊದಲು ನೋಡುವ ಜಾಗವೇ ಅದು.

ಆದರೂ ಇನ್ನೂ ಒಳಕ್ಕೆ ಇಳಿದಾಗ 1911 ಗೆಲ್ಲುತ್ತದೆ. ಗುಂಡಿಗೆ ಬಡಿಯುವ ಫೈರಿಂಗ್ ಪಿನ್ನಿನ ತುದಿ ಒತ್ತಿ ಹಿಂಬದಿಯ ತಗಡನ್ನು ಕೆಳಕ್ಕೆ ಸರಿಸಿದರೆ ಪಿನ್ನೂ, ಖಾಲಿ ತೋಟಾ ಎಳೆಯುವ ಕೊಕ್ಕೆಯಾದ ಎಕ್ಸ್‌ಟ್ರ್ಯಾಕ್ಟರೂ ಹೊರಬರುತ್ತವೆ, ಸುತ್ತಿಗೆ ಬೇಡ. ಮೂಲ ವಿನ್ಯಾಸದಲ್ಲಿ ಈ ಎಕ್ಸ್‌ಟ್ರ್ಯಾಕ್ಟರ್ ತಾನೇ ಸ್ಪ್ರಿಂಗಿನಂತೆ ಬಾಗುವ ಉಕ್ಕಿನ ಪಟ್ಟಿ. ಅದರ ಬಿಗಿ ಸಡಿಲಾದರೆ ಖಾಲಿ ತೋಟಾ ಸರಿಯಾಗಿ ಹೊರಬೀಳದೆ ಸಿಕ್ಕಿಕೊಳ್ಳುತ್ತದೆ. ಇದನ್ನು ಆಗಾಗ ಪರೀಕ್ಷಿಸುವ ತಾಳ್ಮೆ ಇಲ್ಲದವರಿಗೆ 1911 ಬೇಡ. 1960ರ ದಶಕದಿಂದೀಚಿನ ಹೈ-ಪವರ್‌ಗಳಲ್ಲಿ ಎಕ್ಸ್‌ಟ್ರ್ಯಾಕ್ಟರ್ ಹೊರಗಿದ್ದು, ಅದಕ್ಕೆ ಪ್ರತ್ಯೇಕ ಸ್ಪ್ರಿಂಗ್ ಇದೆ. ಈ ಚಿಂತೆ ಕಡಿಮೆ.

ಎಣ್ಣೆಯ ಲೆಕ್ಕ ಎರಡಕ್ಕೂ ಒಂದೇ: ಸ್ಲೈಡಿನ ಹಳಿಗಳಿಗೆ, ನಳಿಕೆಯ ಹೊರಮೈಗೆ ತೆಳುವಾಗಿ. ಫೈರಿಂಗ್ ಪಿನ್ನಿನ ಕೊಳವೆ ಒಣಗಿರಲಿ. ಅಲ್ಲಿ ಎಣ್ಣೆ ಹೋದರೆ ಮಸಿ ಅಂಟುತ್ತದೆ. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿದು ಉಕ್ಕಿಗೆ ತುಕ್ಕು ತರುತ್ತದೆ. ಸ್ಲೈಡನ್ನು ಮುಂದಕ್ಕೆ ತಳ್ಳುವ ರೀಕಾಯಿಲ್ ಸ್ಪ್ರಿಂಗನ್ನು ಹೊಸದರ ಪಕ್ಕದಲ್ಲಿಟ್ಟು ನೋಡಿ. ಎದ್ದು ಕಾಣುವಷ್ಟು ಗಿಡ್ಡವಾಗಿದ್ದರೆ ಬದಲಿಸಿ.

ಹೆಚ್ಚು ಹಾರಿಸಬೇಕು, ಬೇಗ ಒರೆಸಿ ಬೀಗದೊಳಗೆ ಇಡಬೇಕು ಎನ್ನುವವರಿಗೆ ಹೈ-ಪವರ್ ಎಂದೇ ಹೇಳುತ್ತೇನೆ. ನಾನು ಮಾತ್ರ ಒಂದನ್ನೇ ಉಳಿಸಿಕೊಳ್ಳಬೇಕಾಗಿ ಬಂದರೆ 1911ನ್ನು ಉಳಿಸಿಕೊಳ್ಳುತ್ತೇನೆ, ಆ ಟ್ರಿಗರ್‌ಗಾಗಿ.